ಸಂಪಾದಕರ ಉತ್ತರ: ಒಂದು ಜೀರ್ಜಿಂಬೆಗೆ ಅಷ್ಟೊಂದು ಪುಟ ಏಕೆ?

ಮಾನ್ಯರೇ,

ಹೊಸ ಜೀರ್ಜಿಂಬೆ ಪ್ರಭೇದವೊಂದನ್ನು ವಿಜ್ಞಾನಿಗಳು ವಿವರಿಸಿದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ನಿಮ್ಮ ತಕರಾರು ನೇರವಾಗಿದೆ. "ಹಸಿರು ಮೈ, ಕೆಂಪು ಅಂಚು ಎಂದರೆ ಮುಗಿಯುವ ಮಾತಿಗೆ ಕುಳಿ, ಕೂದಲು, ಮುಳ್ಳು ಎಂದು ಪುಟಗಟ್ಟಲೆ ಬರೆಯುವುದೇಕೆ? ಇಷ್ಟು ಒಳ್ಳೆಯ ಕ್ಯಾಮೆರಾಗಳಿರುವಾಗ ಅಂಥ ಚೆಂದದ ಜೀವವನ್ನು ಕೊಂದು ಸೂಜಿಗೆ ಚುಚ್ಚುವುದು ಸರಿಯೇ?" ಎಂದು ಕೇಳಿದ್ದೀರಿ. ನೀವು ತೆಗೆದ ಜೀರ್ಜಿಂಬೆ ಫೋಟೊಗಳಿಂದ ಯಾರಿಗಾದರೂ ಉಪಯೋಗವಾದೀತೇ ಎಂಬ ಪ್ರಶ್ನೆಯೂ ಪತ್ರದ ಕೊನೆಯಲ್ಲಿದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸಿದರೆ ನಿಮ್ಮ ಪ್ರಶ್ನೆಗಳಿಗೆ ನ್ಯಾಯ ಸಿಗದು. ಅದಕ್ಕೇ ಈ ದೀರ್ಘ ಉತ್ತರ.

ಬಣ್ಣದಿಂದಲೇ ಶುರು ಮಾಡುತ್ತೇನೆ. ಜೀರ್ಜಿಂಬೆಯ ಲೋಹದ ಹೊಳಪು ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಅದರ ಹೊರಕವಚದ ತೀರಾ ಮೇಲ್ಭಾಗದಲ್ಲಿ ಬಲು ತೆಳುವಾದ ಪದರಗಳು ಒಂದರ ಮೇಲೊಂದು ಕೂತಿರುತ್ತವೆ; ಒಂದೊಂದರ ದಪ್ಪ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಪದರ ಪದರದಿಂದ ಹಿಂದಿರುಗುವ ಬೆಳಕಿನಲ್ಲಿ ಕೆಲವು ತರಂಗಗಳು ಕೂಡಿಕೊಂಡು ಬಲವಾಗುತ್ತವೆ, ಉಳಿದವು ಒಂದನ್ನೊಂದು ಅಳಿಸಿಹಾಕುತ್ತವೆ. ಪದರ ತುಸು ದಪ್ಪವಾದರೆ ಹಸಿರು ತಾಮ್ರದ ಕೆಂಪಿನತ್ತ ಜಾರುತ್ತದೆ, ತೆಳುವಾದರೆ ನೀಲಿಯತ್ತ. ಓರೆಯಾಗಿ ನೋಡಿದರೂ ಬಣ್ಣ ಬದಲಾಗುತ್ತದೆ. ಈ ಬಣ್ಣ ಮಾಸುವುದಿಲ್ಲ ಎನ್ನುವುದೇನೋ ನಿಜ. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕಿದ ಸುಮಾರು 4.7 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಜೀರ್ಜಿಂಬೆಗಳ ಹೊಳಪು ಉಳಿದಿದೆ! ಆದರೆ ಗುರುತು ಹಿಡಿಯುವ ಕೆಲಸದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಒಂದೇ ಪ್ರಭೇದದಲ್ಲಿ ಹಸಿರಿನವೂ ನೀಲಿಯವೂ ತಾಮ್ರದ ಬಣ್ಣದವೂ ಹುಟ್ಟಬಹುದು. ನೆಂಟಸ್ತಿಕೆ ಅಷ್ಟಾಗಿ ಇಲ್ಲದ ಎರಡು ಪ್ರಭೇದಗಳು ಒಂದೇ ಹಸಿರು ತೊಟ್ಟಿರಬಹುದು.

ಇದರ ಮೇಲೆ ಸಂಖ್ಯೆಯ ಕಷ್ಟ ಬೇರೆ. ಬುಪ್ರೆಸ್ಟಿಡೇ ಎಂಬ ಈ ಕುಟುಂಬದಲ್ಲಿ ಈಗಾಗಲೇ ಹೆಸರು ಪಡೆದ ಪ್ರಭೇದಗಳು 15,000ಕ್ಕೂ ಹೆಚ್ಚು. ಅದರೊಳಗಿನ ಅಗ್ರಿಲಸ್ ಎಂಬ ಒಂದೇ ಕುಲದಲ್ಲಿ 3,000 ದಾಟಿವೆ. ಅವುಗಳಲ್ಲಿ ಹೆಚ್ಚಿನವು ಸಣ್ಣ, ಕಿರಿದಾದ, ಲೋಹದ ಹೊಳಪಿನ ದುಂಬಿಗಳು. ಹೊಸದು ಎನ್ನುವವರು ಹತ್ತಿರದ ಹಳೆಯ ಹೆಸರುಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ ತೋರಿಸಬೇಕು. ನಿಮಗೆ ಬೇಸರ ತರಿಸಿದ ಪುಟಗಳಲ್ಲಿ ನಡೆದಿರುವುದು ಅದೇ ಕೆಲಸ.

ಆ ಕೆಲಸ ಹೇಗೆ ಸಾಗುತ್ತದೆಂದು ಹತ್ತಿರದಿಂದ ನೋಡಿದರೆ ನಿಮ್ಮ ಬೇಸರ ಕಡಿಮೆಯಾದೀತು. ದುಂಬಿಯ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಸೂಜಿ ಇಳಿಸುತ್ತಾರೆ, ಎಡಗಡೆಯದು ಊನವಾಗದೆ ಉಳಿಯಲಿ ಎಂದು. ಸೂಕ್ಷ್ಮದರ್ಶಕದಡಿ ಇಟ್ಟರೆ ಬರಿಗಣ್ಣಿಗೆ ನುಣುಪಾಗಿ ಕಂಡ ಬೆನ್ನಿನ ತುಂಬ ಕುಳಿಗಳು. ಅವು ದುಂಡಗಿವೆಯೋ ಅಡ್ಡಕ್ಕೆ ಎಳೆದಂತಿವೆಯೋ, ನಡುವಿನ ಜಾಗದಲ್ಲಿ ಸಣ್ಣ ಗೆರೆಗಳಿವೆಯೋ, ಬಿಳಿ ಕೂದಲು ಎಲ್ಲಿ ಗುಂಪಾಗಿದೆ, ರೆಕ್ಕೆಯ ತುದಿಯಲ್ಲಿ ಎಷ್ಟು ಹಲ್ಲು, ಗರಗಸದಂಥ ಕುಡಿಮೀಸೆಯಲ್ಲಿ ಹಲ್ಲು ಎಷ್ಟನೇ ಗೆಣ್ಣಿನಿಂದ ಶುರುವಾಗುತ್ತದೆ ಎಂಬುದನ್ನೆಲ್ಲ ಅಳೆದು ಬರೆಯುತ್ತಾರೆ. ಆಮೇಲೆ ಗಂಡು ದುಂಬಿಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಕೊಕ್ಕೆಯಂತೆ ಬಾಗಿಸಿದ ಸೂಜಿಯಿಂದ ಹೊಟ್ಟೆಯ ತುದಿಯಲ್ಲಿರುವ ಜನನಾಂಗವನ್ನು ಹೊರತೆಗೆಯುತ್ತಾರೆ. ಹೊರನೋಟಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಎರಡು ಪ್ರಭೇದಗಳು ಎಷ್ಟೋ ಸಲ ಬೇರೆಯಾಗುವುದು ಇಲ್ಲಿ, ಈ ಕೂದಲೆಳೆಯಷ್ಟು ಸಣ್ಣ ಅಂಗದ ಆಕಾರದಲ್ಲಿ. ಅದನ್ನು ಪುಟ್ಟ ಕಾರ್ಡಿಗೆ ಅಂಟಿಸಿ ಅದೇ ಸೂಜಿಗೆ ಸಿಕ್ಕಿಸಿಡುತ್ತಾರೆ. ಜೊತೆಗೆ ಸಿಕ್ಕ ಜಾಗ, ದಿನಾಂಕ, ಎತ್ತರ, ಹಿಡಿದವರ ಹೆಸರಿನ ಚೀಟಿ. ಚೀಟಿಯಿಲ್ಲದ ಜೀರ್ಜಿಂಬೆ ನೋಡಲು ಎಷ್ಟೇ ಚೆಂದವಿದ್ದರೂ ವಿಜ್ಞಾನಕ್ಕೆ ಹೆಚ್ಚೇನೂ ಹೇಳಲಾರದು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅರ್ಮಾನ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿ ಬೀಜಿಂಗ್‌ನಲ್ಲಿ ಸಿಕ್ಕಿದ ಹಸಿರು ಅಗ್ರಿಲಸ್ ಒಂದನ್ನು ಫ್ರಾನ್ಸಿಗೆ ಕಳಿಸಿದ್ದರು. ಲಿಯೋನ್ ಫೆರ್ಮೇರ್ 1888ರಲ್ಲಿ ಅದಕ್ಕೆ ಅಗ್ರಿಲಸ್ ಪ್ಲಾನಿಪೆನ್ನಿಸ್ ಎಂದು ಹೆಸರಿಟ್ಟು ಚುಟುಕಾದ ವಿವರಣೆ ಪ್ರಕಟಿಸಿದರು. ಮುಂದೆ ಏನಾಯಿತು ನೋಡಿ: ಸಾವಿರಾರು ಜೀರ್ಜಿಂಬೆಗಳನ್ನು ವಿವರಿಸಿದ ಜೆಕ್ ತಜ್ಞ ಯಾನ್ ಒಬೆನ್‌ಬೆರ್ಗರ್ ಅದೇ ದುಂಬಿಯನ್ನು 1930ರಲ್ಲಿ ಮಾರ್ಕೊಪೊಲಿ ಎಂದೂ 1936ರಲ್ಲಿ ಫೆರೆಟ್ರಿಯಸ್ ಎಂದೂ ಮತ್ತೆ ಹೆಸರಿಸಿದರು. ಅಷ್ಟು ದೊಡ್ಡ ತಜ್ಞರಿಗೇ ಹೀಗಾದರೆ ಉಳಿದವರ ಪಾಡೇನು? 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆ್ಯಶ್ ಮರಗಳು ಒಣಗಿ ಸಾಯುತ್ತಿದ್ದವು. ತೊಗಟೆಯಡಿ ಸಿಕ್ಕ ದುಂಬಿ ಯಾವುದೆಂದು ಅಲ್ಲಿ ಗೊತ್ತಾಗಲಿಲ್ಲ. ಅದು ಪ್ಲಾನಿಪೆನ್ನಿಸ್ ಎಂದು ಗುರುತಿಸಿದವರು ದೂರದ ಸ್ಲೊವಾಕಿಯಾದ ಅಗ್ರಿಲಸ್ ತಜ್ಞ ಎಡ್ವರ್ಡ್ ಯೆಂಡೆಕ್. 1990ರ ದಶಕದಲ್ಲೇ ಅದು ಅಲ್ಲಿ ಬಂದು ನೆಲೆಸಿತ್ತೆಂದು ಆಮೇಲೆ ಮರದ ಉಂಗುರಗಳು ತೋರಿಸಿಕೊಟ್ಟವು. ಅಲ್ಲಿಂದೀಚೆಗೆ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಆ್ಯಶ್ ಮರಗಳು ಸತ್ತಿವೆ. ಈ ದುಂಬಿಯ ಒಂದು ಒಳ್ಳೆಯ ಗುರುತು ಹೊರಗೆ ಕಾಣುವುದೇ ಇಲ್ಲ: ಹಸಿರು ರೆಕ್ಕೆಗಳನ್ನು ಎತ್ತಿ ನೋಡಿದರೆ ಹೊಟ್ಟೆಯ ಮೇಲ್ಭಾಗ ತಾಮ್ರಗೆಂಪು.

ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಸತ್ತ ದುಂಬಿಗಳು ಇಲ್ಲದಿದ್ದರೆ ಈ ಹೆಸರುಗಳ ಗೋಜಲನ್ನು ಬಿಡಿಸಲು ಆಗುತ್ತಿರಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಬಹುಪಾಲು ಉತ್ತರ ಇದೇ. ಹೊಸ ಪ್ರಭೇದವನ್ನು ವಿವರಿಸುವಾಗ ಹೋಲೊಟೈಪ್ ಎಂದು ಆರಿಸಿದ ಒಂದು ಮಾದರಿ ದುಂಬಿಗೆ ಹೆಸರು ಶಾಶ್ವತವಾಗಿ ಅಂಟಿಕೊಂಡಿರುತ್ತದೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬಹುದು; ವಿವರಿಸಿದವರಿಗೆ ಹೊಳೆಯದೇ ಹೋದ ಅಂಗವನ್ನೂ ಪರೀಕ್ಷಿಸಬಹುದು, ಡಿಎನ್‌ಎ ತೆಗೆಯಲು ಪ್ರಯತ್ನಿಸಬಹುದು. ಫೋಟೊದಲ್ಲಿ ಸಿಗುವುದು ತೆಗೆದವರು ಆ ಕ್ಷಣ ಕಂಡಷ್ಟು ಮಾತ್ರ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯೂ ಈ ಬಗ್ಗೆ ಬಿಗಿಯಾಗುತ್ತಲೇ ಬಂದಿದೆ. 1930ರ ನಂತರದ ಹೆಸರಿಗೆ ಬೇರ್ಪಡಿಸುವ ಲಕ್ಷಣಗಳ ವಿವರಣೆ ಬೇಕು. 1999ರ ನಂತರದ್ದಕ್ಕೆ ಮಾದರಿ ಯಾವುದು, ಯಾವ ಸಂಗ್ರಹದಲ್ಲಿ ಇಡಲಾಗುತ್ತದೆ ಎಂಬುದನ್ನೂ ಹೇಳಬೇಕು. ಮಾದರಿ ಕೈತಪ್ಪಿ ಫೋಟೊ ಮಾತ್ರ ಉಳಿದಾಗ ಹೆಸರಿಡುವುದನ್ನು ಸಂಹಿತೆ ಪೂರ್ತಿ ತಡೆದಿಲ್ಲ. 2015ರಲ್ಲಿ ದಕ್ಷಿಣ ಆಫ್ರಿಕಾದ ನೊಣವೊಂದಕ್ಕೆ ಹಾಗೆಯೇ ಹೆಸರಿಟ್ಟಾಗ ವರ್ಗೀಕರಣ ತಜ್ಞರ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಜೀರ್ಜಿಂಬೆಗಳ ಮಟ್ಟಿಗೆ, ರೆಕ್ಕೆಯಡಿಯ ಬಣ್ಣ ಮತ್ತು ಗಂಡಿನ ಅಂಗ ನೋಡದೆ ಹೆಸರಿಡುವುದು ದುಡುಕೆಂದೇ ನನ್ನ ಅಭಿಪ್ರಾಯ.

ಹಾಗೆಂದು ಕೊಲ್ಲುವುದು ಸಣ್ಣ ವಿಷಯವೆಂದು ನಾನು ಹೇಳಲಾರೆ. ನಿಮ್ಮ ನೋವು ನನಗೂ ಇದೆ. ಅಗತ್ಯಕ್ಕಿಂತ ಹೆಚ್ಚು ಹಿಡಿಯಬಾರದು, ಅನುಮತಿಯಿಲ್ಲದೆ ಹಿಡಿಯಲೇಬಾರದು, ಹಿಡಿದದ್ದನ್ನು ಖಾಸಗಿ ಕಪಾಟಿನಲ್ಲಿ ಮುಚ್ಚಿಡಬಾರದು. ಆದರೆ ಅಗ್ರಿಲಸ್‌ನಂಥ ದುಂಬಿಗಳು ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ. ಆಯುಷ್ಯದ ಬಹುಪಾಲು ಕಳೆಯುವುದು ಮರದೊಳಗೆ ಮರಿಹುಳುವಾಗಿ. ಅಧ್ಯಯನಕ್ಕೆ ತೆಗೆದುಕೊಂಡ ಕೆಲವು ದುಂಬಿಗಳಿಗಿಂತ, ಮರಿಹುಳು ತಿನ್ನುವ ಮರವನ್ನೇ ಕಡಿದುಹಾಕುವುದು ಆ ಪ್ರಭೇದಕ್ಕೆ ಎಷ್ಟೋ ಪಾಲು ದೊಡ್ಡ ಹೊಡೆತ. ನಿಮ್ಮ ಸಿಟ್ಟಿನಲ್ಲಿ ದೊಡ್ಡ ಪಾಲು ಅತ್ತ ತಿರುಗಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ಫೋಟೊಗಳು. ಖಂಡಿತ ಉಪಯೋಗವಿದೆ, ಅದೂ ತಜ್ಞರಿಗೆ ಬಹಳ ಕೊರತೆಯಿರುವ ಕಡೆ. ಹೆಸರು ಪಡೆದ ಎಷ್ಟೋ ಜೀರ್ಜಿಂಬೆಗಳ ಮರಿಹುಳು ಯಾವ ಮರದಲ್ಲಿ ಬೆಳೆಯುತ್ತದೆ ಎಂಬುದೇ ದಾಖಲಾಗಿಲ್ಲ. ಮರಿಹುಳುವಿಗೆ ಕಾಲಿಲ್ಲ, ತಲೆಯ ಹಿಂದಿನ ಭಾಗ ಚಪ್ಪಟೆಯಾಗಿ ಅಗಲವಾಗಿರುತ್ತದೆ. ಅದು ಹೊರಗೆ ಕಾಣಿಸಿಕೊಳ್ಳದೆ ಒಳಗೊಳಗೇ ಕೊರೆಯುತ್ತದೆ. ಬೆಳೆದು ದುಂಬಿಯಾಗಿ ಹೊರಬರಲು ಅದಕ್ಕೆ ಹಿಡಿಯುವ ಕಾಲವನ್ನೂ ಮೊದಲೇ ಹೇಳಲಾಗದು. ಕಟ್ಟಡಕ್ಕೆ ಬಳಸಿದ ಮರದೊಳಗಿನಿಂದ 51 ವರ್ಷಗಳ ನಂತರ ಹೊರಬಂದ ಬುಪ್ರೆಸ್ಟಿಸ್ ಔರುಲೆಂಟಾ ಎಂಬ ದುಂಬಿಯ ದಾಖಲೆಯೇ ಇದೆ. ಆದ್ದರಿಂದ ಬೆನ್ನಿನ ಹೊಳಪಿನ ಒಂದು ಚಿತ್ರಕ್ಕೆ ನಿಲ್ಲಿಸಬೇಡಿ. ಪಕ್ಕದಿಂದ, ಮುಖದ ಕಡೆಯಿಂದ, ಸಾಧ್ಯವಾದರೆ ಹೊಟ್ಟೆಯ ಕಡೆಯಿಂದಲೂ ತೆಗೆಯಿರಿ. ಕೂತ ಗಿಡದ ಎಲೆ, ಹೂವು, ತೊಗಟೆಯ ಚಿತ್ರವಿರಲಿ. ದಿನಾಂಕ, ಜಾಗ, ಗಂಟೆ ಬರೆದಿಡಿ. ಎಲೆ ತಿನ್ನುತ್ತಿತ್ತೋ, ಸುಮ್ಮನೆ ಬಿಸಿಲು ಕಾಯಿಸುತ್ತಿತ್ತೋ, ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತಿತ್ತೋ ಎಂಬುದು ಬೇರೆ ಬೇರೆ ಸಂಗತಿ, ಪ್ರತ್ಯೇಕವಾಗಿ ನಮೂದಿಸಿ. ಕಾಂಡದ ಮೇಲೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕಮಾನಿನಂತಿರುವ ಸಣ್ಣ ತೂತು ಕಂಡರೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಅದರ ಚಿತ್ರವನ್ನೂ ತೆಗೆಯಿರಿ. ಅಗ್ರಿಲಸ್ ದುಂಬಿಗಳು ಮರದಿಂದ ಹೊರಬರುವುದು ಅಂಥ ತೂತಿನಿಂದಲೇ.

— ಸಂ.