ಐರ್ಲೆಂಡಿನಲ್ಲಿ ಅಷ್ಟೊಂದು ಕೋಟೆಗಳನ್ನು ಕಟ್ಟಿದ್ದು ಯಾರು?

ಹೊಲದ ನಡುವೆಯೂ ಪಾಳುಬಿದ್ದ ಕೋಟೆಗಳು ಕಾಣುತ್ತವಲ್ಲ, ಎಲ್ಲವೂ ರಾಜರು ಕಟ್ಟಿಸಿದ್ದಾ ಅಂತ ಕೇಳಿದ್ದೀರಿ. ಇಲ್ಲ. ಅವುಗಳಲ್ಲಿ ಜಾಸ್ತಿ ಪಾಲು ಆಯಾ ಸೀಮೆಯ ಒಡೆಯರ ಮನೆಗಳು.

ಕಥೆ ಶುರುವಾಗುವುದು 1169ರಲ್ಲಿ, ಆಗ ಇಂಗ್ಲೆಂಡನ್ನು ಆಳುತ್ತಿದ್ದ ಫ್ರೆಂಚ್ ಮೂಲದ ನಾರ್ಮನ್ನರು ಬಂದಿಳಿದಾಗ. ಮೊದಮೊದಲು ಅವರು ಮಣ್ಣಿನ ದಿಬ್ಬ ಎಬ್ಬಿಸಿ, ಮೇಲೊಂದು ಮರದ ಗೋಪುರ ನಿಲ್ಲಿಸುತ್ತಿದ್ದರು. ಬೇಗನೇ ಕಲ್ಲಿನ ಕೋಟೆಗಳು ಬಂದವು. ಬಾಯ್ನ್ ನದಿ ದಂಡೆಯ ಟ್ರಿಮ್ ಕೋಟೆಯನ್ನು ಶುರು ಮಾಡಿದ್ದು ಹ್ಯೂ ಡಿ ಲೇಸಿ ಎಂಬ ನಾರ್ಮನ್ ಒಡೆಯ. ಡಬ್ಲಿನ್ ಕೋಟೆಯಾದರೋ ನಿಜಕ್ಕೂ ರಾಜನದೇ. 1204ರಲ್ಲಿ ಇಂಗ್ಲೆಂಡಿನ ಜಾನ್ ದೊರೆ ಅಪ್ಪಣೆ ಕೊಟ್ಟು ಕಟ್ಟಿಸಿದ್ದು. 1922ರವರೆಗೂ ಅದೇ ಇಂಗ್ಲಿಷರ ಆಡಳಿತದ ಕೇಂದ್ರ.

ಹೊಲಗಳ ನಡುವೆ ಕಾಣುವ ಒಂಟಿ ಗೋಪುರಗಳು ಹೆಚ್ಚಾಗಿ 15, 16ನೇ ಶತಮಾನದವು. 1429ರಲ್ಲಿ ಡಬ್ಲಿನ್ ಸುತ್ತಲಿನ ನಾಲ್ಕು ಕೌಂಟಿಗಳಲ್ಲಿ (ಅಂದರೆ ಜಿಲ್ಲೆಗಳಲ್ಲಿ) ಇಂಥ ಗೋಪುರ ಕಟ್ಟುವವರಿಗೆ 10 ಪೌಂಡ್ ಸಹಾಯಧನ ಘೋಷಿಸಿದ್ದರು. ಸಬ್ಸಿಡಿ ಹೊಸದೇನಲ್ಲ, ಅಲ್ವಾ! ಗೇಲಿಕ್ ಒಡೆಯರೂ, ಅಂದರೆ ನಾರ್ಮನ್ನರಿಗೂ ಮೊದಲಿನಿಂದ ಅಲ್ಲಿದ್ದ ಐರಿಷ್ ಮನೆತನದವರೂ, ಹಿಂದೆ ಬೀಳಲಿಲ್ಲ. ಈಗಿನ ಬ್ಲಾರ್ನಿ ಕೋಟೆ 1446ರಲ್ಲಿ ಮೆಕಾರ್ಥಿ ಮನೆತನ ಕಟ್ಟಿದ್ದು. ಇಂಥ ಗೋಪುರಗಳ ಒಳಗೆ ಕೆಳಗಡೆ ಉಗ್ರಾಣ, ಮೇಲೆ ವಾಸ, ನಡುವೆ ಒಬ್ಬರೇ ಹತ್ತುವಷ್ಟು ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಎಷ್ಟೋ ಕಡೆ ಬಾಗಿಲ ಒಳಗೆ ತಲೆಯ ಮೇಲೇ ಒಂದು ಕಿಂಡಿ. ನುಗ್ಗಿದವರ ಮೇಲೆ ಕಲ್ಲು ಹಾಕಲಿಕ್ಕೆ!

ಫಿರಂಗಿಯ ಮುಂದೆ ಇದೆಲ್ಲ ನಡೆಯಲಿಲ್ಲ. 1649ರಲ್ಲಿ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್‌ನ ಸೇನೆ ಬಂದ ಮೇಲೆ ಎಷ್ಟೋ ಕೋಟೆಗಳು ಹಾಳಾದವು. ಉಳಿದವುಗಳಲ್ಲಿ ಹಲವನ್ನು ಒಡೆಯರೇ ಬಿಟ್ಟು, ದೊಡ್ಡ ಕಿಟಕಿಗಳ ಬೆಚ್ಚನೆಯ ಬಂಗಲೆಗಳಿಗೆ ಹೋದರು. ಆ ಚಳಿಯಲ್ಲಿ ಕಲ್ಲಿನ ಗೋಪುರದೊಳಗೆ ಯಾರಿರುತ್ತಾರೆ ಹೇಳಿ?