ಓದುಗರ ಪ್ರಶ್ನೆ: ಟೆರೇಸಿಗೆ ಬರುವಷ್ಟರಲ್ಲಿ ಡ್ರಾಫ್ಟ್ ಬಿಯರ್ ಕೆಡುವುದೇಕೆ?

ಕಾಸರಗೋಡಿನಿಂದ ಮಂಗಳೂರಿಗೂ ಹೊಸೂರಿನಿಂದ ಬೆಂಗಳೂರಿಗೂ ಸಂಜೆ ಹೋಗಿಬರುವ ಓದುಗರಿಂದ ಪಬ್ಬು, ಡ್ರಾಫ್ಟ್ ಬಿಯರ್ ಕುರಿತ ಪ್ರಶ್ನೆಗಳು ಸಾಕಷ್ಟು ಬಂದಿವೆ. ಉಪಯೋಗವಾಗುವಂಥವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮಂಗಳೂರಿನ ಒಂದು ಪಬ್ಬಿನಲ್ಲಿ ಸಂಜೆ ಬಾಗಿಲು ತೆರೆದ ಕೂಡಲೇ ಹೋಗಿ ಟೆರೇಸಿನಲ್ಲಿ ಕುಳಿತೆವು. ಮೊದಲ ಮಗ್ ಅರ್ಧಕ್ಕರ್ಧ ನೊರೆ, ಕುಡಿದರೆ ಸ್ವಲ್ಪ ಹುಳಿ. ಆಮೇಲೆ ಕೆಳಗಿನ ಕೌಂಟರಿನಲ್ಲಿ ಅದೇ ಬಿಯರ್ ಚೆನ್ನಾಗಿತ್ತು. ಮೇಲೆ ಬೇರೇನಾದರೂ ಕೊಡುತ್ತಾರೆಯೇ? (ಕುಂಬಳೆ)

ಉತ್ತರ: ಬಿಯರ್ ಒಂದೇ ಇರಬಹುದು, ದಾರಿ ಬೇರೆ. ಡ್ರಾಫ್ಟ್ ಬಿಯರ್ ಬರುವುದು 30 ಅಥವಾ 50 ಲೀಟರಿನ ಸ್ಟೀಲ್ ಪೀಪಾಯಿಯಲ್ಲಿ, ಅಂದರೆ ಕೆಗ್‌ನಲ್ಲಿ. ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಕೆಗ್ಗಿನೊಳಗೆ ಒತ್ತಿದಾಗ ಬಿಯರ್ ಪೈಪಿನಲ್ಲಿ ಹರಿದು ಟ್ಯಾಪಿಗೆ ಬರುತ್ತದೆ. ಕೆಗ್ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಮಾಮೂಲಿ ಲಾಗರ್‌ಗೆ (ತಿಳಿಯಾದ ಸಾಮಾನ್ಯ ಬಿಯರ್) 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಆಸುಪಾಸಿನ ಒತ್ತಡ ಸಾಕು. ಅಷ್ಟರಲ್ಲಿ ಗ್ಯಾಸ್ ಬಿಯರಿನಲ್ಲಿ ಹೆಚ್ಚೂ ಸೇರದು, ಕಡಿಮೆಯೂ ಆಗದು.

ಕೆಗ್ ನೆಲಮಹಡಿಯ ಕೋಲ್ಡ್ ರೂಮಿನಲ್ಲಿದ್ದು ಟ್ಯಾಪ್ ಟೆರೇಸಿನಲ್ಲಿದ್ದರೆ ಲೆಕ್ಕ ತಪ್ಪುತ್ತದೆ. ಬಿಯರನ್ನು ಒಂದು ಮೀಟರ್ ಮೇಲೆತ್ತಲು ಸುಮಾರು ಒಂದೂವರೆ ಪಿಎಸ್‌ಐ ಬೇಕು. ಎರಡು ಮಹಡಿಗೆ ಹತ್ತಿರಹತ್ತಿರ 10 ಪಿಎಸ್‌ಐ. ಅಷ್ಟನ್ನೂ ಬರೀ ಕಾರ್ಬನ್ ಡೈಆಕ್ಸೈಡಿನಿಂದಲೇ ಕೊಟ್ಟರೆ ದಿನ ಕಳೆದಂತೆ ಬಿಯರಿನಲ್ಲಿ ಗ್ಯಾಸ್ ಹೆಚ್ಚಾಗಿ, ಟ್ಯಾಪ್ ತೆರೆದೊಡನೆ ನೊರೆಯಾಗಿ ಸಿಡಿಯುತ್ತದೆ. ತಿಳಿದವರು ಇದಕ್ಕೆ ನೈಟ್ರೋಜನ್ ಬೆರೆಸಿದ ಗ್ಯಾಸ್ ಹಾಕುತ್ತಾರೆ, ಇಲ್ಲವೇ ಬಿಯರ್ ಪಂಪ್ ಇಡುತ್ತಾರೆ.

ಎರಡನೆಯ ತೊಂದರೆ ಪೈಪಿನದು. ಉದ್ದದ ಓಟಕ್ಕೆ ಹಾಕುವ ಒಂಬತ್ತೂವರೆ ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ 70 ಮಿಲಿಲೀಟರ್ ಬಿಯರ್ ನಿಲ್ಲುತ್ತದೆ. ಏಳು ಮೀಟರ್ ಎಂದರೆ ಅರ್ಧ ಲೀಟರ್, ನಿಮ್ಮ ಇಡೀ ಮಗ್. ಪೈಪಿನ ಜೊತೆಗೇ ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸಿದ ತಣ್ಣನೆಯ ನೀರು ಸುತ್ತುವ ವ್ಯವಸ್ಥೆ ಇಲ್ಲದಿದ್ದರೆ, ನಿನ್ನೆ ರಾತ್ರಿಯಿಂದ ಕರಾವಳಿಯ ಸೆಕೆಯಲ್ಲಿ ಬೆಚ್ಚಗಾಗಿ ನಿಂತದ್ದೇ ಮೊದಲ ಗಿರಾಕಿಗೆ ಸಿಗುತ್ತದೆ. ಬೆಚ್ಚಗಾದಾಗ ಗ್ಯಾಸ್ ಹೊರಬರುವುದರಿಂದ ನೊರೆ. ಜವಾಬ್ದಾರಿಯುಳ್ಳ ಪಬ್ಬಿನಲ್ಲಿ ಅಂಗಡಿ ತೆರೆಯುವಾಗ ಇದನ್ನು ಚೆಲ್ಲುತ್ತಾರೆ. ನೀವೇ ಮೊದಲಿಗರಾದರೆ "ಲೈನ್ ಬಿಟ್ಟಿದ್ದೀರಾ?" (ಪೈಪಿನಲ್ಲಿ ನಿಂತದ್ದನ್ನು ಚೆಲ್ಲಿದ್ದೀರಾ) ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಹುಳಿಯ ಕಾರಣ ಕೊಳೆ. ಪೈಪಿನ ಒಳಮೈಗೆ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಬ್ಯಾಕ್ಟೀರಿಯಾ ಅಂಟಿಕೊಂಡರೆ ಮಜ್ಜಿಗೆಯ ಹುಳಿ ಬರುತ್ತದೆ, ಎಷ್ಟೋ ಸಲ ಬೆಣ್ಣೆಯ ವಾಸನೆಯೂ ಸೇರುತ್ತದೆ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣದಿಂದ ಲೈನ್ ತೊಳೆಯಬೇಕು. ಕಲ್ಲಿನಂತೆ ಕಟ್ಟುವ ಕ್ಯಾಲ್ಸಿಯಂ ಆಕ್ಸಲೇಟ್ ಕಾಸ್ಟಿಕ್‌ಗೆ ಬಗ್ಗದ ಕಾರಣ ಮೂರು ತಿಂಗಳಿಗೊಮ್ಮೆ ಆಸಿಡ್ ವಾಶ್ ಬೇಕು. ಎರಡನೆಯ ಮಗ್ ಕೂಡ ಹುಳಿಯಾಗಿದ್ದರೆ ಅದು ಲೈನ್ ತೊಳೆಯದ ಜಾಗ. ಅಲ್ಲಿ ಬಾಟಲಿ ಬಿಯರ್ ತೆಗೆದುಕೊಳ್ಳಿ.

ಪ್ರಶ್ನೆ: ಗ್ಲಾಸಿನ ಗೋಡೆಗೆಲ್ಲ ಗುಳ್ಳೆ ಅಂಟಿಕೊಂಡರೆ ಬಿಯರ್ ಫ್ರೆಶ್ ಅಂತಲೇ? (ಹೊಸೂರು)

ಉತ್ತರ: ಅಲ್ಲ. ಗ್ಲಾಸ್ ಸರಿಯಾಗಿ ತೊಳೆದಿಲ್ಲ ಅಂತ. ಎಣ್ಣೆಯ ಪಸೆ, ಸೋಪಿನ ಶೇಷ, ಒರೆಸಿದ ಬಟ್ಟೆಯ ನಾರು ಎಲ್ಲಿ ಉಳಿದಿದೆಯೋ ಅಲ್ಲಿ ಗುಳ್ಳೆ ಕೂರುತ್ತದೆ. ಶುದ್ಧ ಗ್ಲಾಸಿನಲ್ಲಿ ಗುಳ್ಳೆ ಸೀದಾ ಮೇಲೇರುತ್ತದೆ, ನೊರೆ ನಿಲ್ಲುತ್ತದೆ, ಪ್ರತಿ ಗುಟುಕಿನ ನಂತರ ಗೋಡೆಯ ಮೇಲೆ ನೊರೆಯ ಒಂದೊಂದು ಉಂಗುರ ಉಳಿಯುತ್ತದೆ.

ಮೇಲೆ ಎರಡರಿಂದ ಎರಡೂವರೆ ಸೆಂಟಿಮೀಟರ್ ನೊರೆ ಇರಲೇಬೇಕು. ಅದು ಮೋಸವಲ್ಲ, ಬಿಯರಿನ ಪರಿಮಳ ಅಲ್ಲೇ ಇರುವುದು. ನಾಲ್ಕು ಬೆರಳು ನೊರೆ ಬಂದರೆ ಮಾತ್ರ ತುಂಬಿಸಿಕೊಡಲು ಹೇಳಿ. ಸುರಿಯುವ ಕೈಯನ್ನೂ ಗಮನಿಸಿ: ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು, ಟ್ಯಾಪನ್ನು ಒಮ್ಮೆಲೇ ಪೂರ್ತಿ ತೆರೆದು, ಕೊನೆಗೆ ಗ್ಲಾಸ್ ನೆಟ್ಟಗೆ ಮಾಡಬೇಕು. 330 ಮಿಲಿಲೀಟರ್ ತುಂಬಲು ಐದಾರು ಸೆಕೆಂಡ್ ಸಾಕು. ನೊರೆಗೆ ಹೆದರಿ ಟ್ಯಾಪನ್ನು ಅರ್ಧ ಮಾತ್ರ ತೆರೆಯುವವರಿದ್ದಾರೆ. ಇಕ್ಕಟ್ಟಿನಲ್ಲಿ ಬಿಯರ್ ಕದಡಿ ನೊರೆ ಇನ್ನೂ ಹೆಚ್ಚುತ್ತದೆ. ಟ್ಯಾಪಿನ ಮೂತಿ ಗ್ಲಾಸಿನ ಬಿಯರಿನಲ್ಲಿ ಮುಳುಗುವಂತೆ ಹಿಡಿಯುವುದಂತೂ ಕೊಳಕು ಅಭ್ಯಾಸ.

ಬಂಗುಡೆ ಫ್ರೈ, ಚಿಕನ್ ಸುಕ್ಕ ತಿನ್ನುತ್ತ ಕುಡಿಯುವವರಿಗೆ ಒಂದು ಮಾತು: ತುಟಿಯ ಎಣ್ಣೆಯೂ ನೊರೆಯನ್ನು ಕೊಲ್ಲುತ್ತದೆ. ಗುಟುಕಿಗೆ ಮೊದಲು ತುಟಿ ಒರೆಸಿಕೊಂಡರೆ ಸಾಕು.

ಪ್ರಶ್ನೆ: ಫ್ರೀಜರಿನಲ್ಲಿಟ್ಟು ಹಿಮ ಕಟ್ಟಿದ ಮಗ್ ಕೇಳಬೇಕೇ? (ಉಪ್ಪಳ)

ಉತ್ತರ: ಬೇಡ. ಹಿಮದ ಹರಳಿಗೆ ತಾಗಿ ನೊರೆ ಏಳುತ್ತದೆ, ಕರಗಿದ ನೀರು ಬಿಯರಿಗೆ ಸೇರುತ್ತದೆ, ತೀರಾ ತಣ್ಣಗಾದರೆ ನಾಲಿಗೆಗೆ ರುಚಿಯೂ ತಿಳಿಯದು. ತಣ್ಣೀರಿನಲ್ಲಿ ಜಾಲಾಡಿಸಿದ ಗ್ಲಾಸ್ ಒಳ್ಳೆಯದು. ಟೆರೇಸಿನಲ್ಲಿ ಬಿಸಿಲಾರುವ ಮೊದಲೇ ಕೂರುವಿರಾದರೆ 500ರ ಮಗ್ ಬದಲು 330 ತರಿಸಿ. ಕೊನೆಯ ಗುಟುಕಿನವರೆಗೂ ತಣ್ಣಗಿರುತ್ತದೆ. ಇಬ್ಬರೇ ಇದ್ದು ಒಂದೂವರೆ ಲೀಟರಿನ ಪಿಚರ್ ತರಿಸಿದರೆ ಕೊನೆಯ ಗ್ಲಾಸ್ ಬೆಚ್ಚಗಾಗಿ ಗ್ಯಾಸ್ ಬಿಟ್ಟಿರುತ್ತದೆ.

ನೇರ ಬಿಸಿಲಿನ ಮೇಜು ಬೇಡವೇ ಬೇಡ. ಬಿಯರಿನಲ್ಲಿರುವ ಹಾಪ್ಸ್ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು, ಗಂಧಕದ ಒಂದು ಸಂಯುಕ್ತವಾಗಿ ಕೆಲವೇ ನಿಮಿಷಗಳಲ್ಲಿ ಕೆಟ್ಟ ವಾಸನೆ ಹುಟ್ಟುತ್ತದೆ. ಬಾಟಲಿಗಳಿಗೆ ಕಂದು ಬಣ್ಣ ಇರುವುದು ಇದೇ ಕಾರಣಕ್ಕೆ. ಕೆಗ್ಗಿನೊಳಗೆ ಬೆಳಕಿಲ್ಲ, ಗ್ಲಾಸಿಗೆ ಬಂದ ಮೇಲೆ ರಕ್ಷಣೆಯೂ ಇಲ್ಲ.

ಪ್ರಶ್ನೆ: ಬಾಟಲಿ ಬಿಯರಿನಲ್ಲಿ ಗ್ಲಿಸರಿನ್ ಹಾಕುತ್ತಾರೆ, ತಲೆನೋವು ಅದರಿಂದಲೇ, ಡ್ರಾಫ್ಟಿನಲ್ಲಿ ಅದು ಇಲ್ಲ ಎನ್ನುತ್ತಾರೆ. ಬಾಟಲಿಯನ್ನು ನೀರಿನಲ್ಲಿ ಬೋರಲು ಹಿಡಿದರೆ ಗ್ಲಿಸರಿನ್ ಇಳಿಯುವುದು ಕಣ್ಣಿಗೇ ಕಾಣುತ್ತದಲ್ಲ? (ಅಕ್ಕಲಕೋಟೆ)

ಉತ್ತರ: ಇಳಿಯುವುದು ಬಿಯರೇ. ಅದು ನೀರಿಗಿಂತ ಕೊಂಚ ಭಾರ, ಆದ್ದರಿಂದ ಎಳೆ ಎಳೆಯಾಗಿ ಕೆಳಗಿಳಿದು ಎಣ್ಣೆಯಂತೆ ಕಾಣುತ್ತದೆ. ಆ ಜಾಗಕ್ಕೆ ನಲ್ಲಿ ನೀರು ಬಾಟಲಿಯೊಳಗೆ ಹೋಗುತ್ತದೆ! ಗ್ಲಿಸರಿನ್ ಹುದುಗುವಾಗ ಯೀಸ್ಟಿನಿಂದಲೇ ಹುಟ್ಟುವಂಥದ್ದು. ಲೀಟರಿಗೆ ಒಂದೆರಡು ಗ್ರಾಂ ಡ್ರಾಫ್ಟಿನಲ್ಲೂ ಇರುತ್ತದೆ. ಅದು ಪೂರ್ತಿ ಕರಗಿರುವುದರಿಂದ ಹಾಗೆ ಬೇರ್ಪಡಿಸಲು ಆಗದು. ತಲೆನೋವಿಗೆ ಗ್ಲಿಸರಿನ್ ಅಲ್ಲ, ಆಲ್ಕೋಹಾಲಿನ ಪ್ರಮಾಣವೇ ಮುಖ್ಯ ಕಾರಣ. ಡ್ರಾಫ್ಟ್ ಸಾಮಾನ್ಯವಾಗಿ 5 ಶೇಕಡಾ ಆಸುಪಾಸಿನ ಮೈಲ್ಡ್, ಬಾಟಲಿಯ ಸ್ಟ್ರಾಂಗ್ 8ರವರೆಗೆ. ವ್ಯತ್ಯಾಸ ಅಲ್ಲಿದೆ.

ಪ್ರಶ್ನೆ: ವೀಟ್ ಬಿಯರ್ ಕದಡಿದ ಹಾಗಿತ್ತು. ವಾಪಸ್ ಕಳಿಸಬಹುದಿತ್ತೇ? (ಹೊಸೂರು)

ಉತ್ತರ: ಬೇಡ. ಗೋಧಿಯ ಪ್ರೋಟೀನು, ಯೀಸ್ಟಿನಿಂದ ಅದು ಹಾಗೆಯೇ ಇರಬೇಕು. ಬಾಳೆಹಣ್ಣು, ಲವಂಗದ ಪರಿಮಳವೂ ಸಹಜ. ತಿಳಿಯಾಗಿರಬೇಕಾದ ಲಾಗರ್ ಮಸುಕಾಗಿ ಬಂದರೆ ಕಳಿಸಿ.

ಪ್ರಶ್ನೆ: ನಾಲ್ವರು ಗೆಳೆಯರು ಕಾರಿನಲ್ಲಿ ಮಂಗಳೂರಿಗೆ ಹೋಗಿ ಒಂದೊಂದೇ ಮಗ್ ಕುಡಿದು ರಾತ್ರಿ ವಾಪಸಾಗುತ್ತೇವೆ. ಒಂದು ಮಗ್ಗಿಗೆ ಏನೂ ಆಗದು ತಾನೇ? ಬರುವಾಗ ಎರಡು ಬಾಟಲಿ ತಂದರೆ? ಒಬ್ಬನಿಗೆ 22 ವರ್ಷ. (ಮಂಜೇಶ್ವರ)

ಉತ್ತರ: ಆಗುತ್ತದೆ. 500 ಮಿಲಿಲೀಟರ್, 5 ಶೇಕಡಾದ ಮಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. 70 ಕಿಲೋ ತೂಕದ ಗಂಡಸು ಬೇಗ ಕುಡಿದರೆ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 40 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30. ತೂಕ ಕಡಿಮೆ ಇದ್ದವರಿಗೆ, ಹೆಂಗಸರಿಗೆ ಇನ್ನೂ ಹೆಚ್ಚು. ದೇಹ ಗಂಟೆಗೆ 15 ಮಿಲಿಗ್ರಾಂ ಆಸುಪಾಸು ಮಾತ್ರ ಇಳಿಸುತ್ತದೆ. ಎರಡು ಮಗ್ ಆದರೆ ಮಿತಿಯೊಳಗೆ ಬರಲು ಮೂರೂವರೆ ಗಂಟೆ. ಕಾಫಿ, ಲಿಂಬೆ ಶರಬತ್ತು, ತಣ್ಣೀರು ಸ್ನಾನ ಇದನ್ನು ಚುರುಕುಗೊಳಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡಕ್ಕಿಂತ ದೊಡ್ಡದು ರಾಷ್ಟ್ರೀಯ ಹೆದ್ದಾರಿ 66ರ ರಾತ್ರಿ ಲಾರಿ ಓಡಾಟ. ನಾಲ್ವರಲ್ಲಿ ಒಬ್ಬರು ಒಂದು ಗುಟುಕನ್ನೂ ಕುಡಿಯಬಾರದು, ಅಥವಾ ರೈಲು, ಬಸ್ಸಿನಲ್ಲಿ ಬನ್ನಿ. ಹೋಗುವ ಮೊದಲೇ ವಾಪಸಿನ ಕೊನೆಯ ಗಾಡಿಯ ಸಮಯ ನೋಡಿಟ್ಟುಕೊಳ್ಳಿ.

ಬಾಟಲಿ ತರಬೇಡಿ. ಕರ್ನಾಟಕದ ಲೇಬಲ್ ಇರುವ, ಕೇರಳದ ತೆರಿಗೆ ಕಟ್ಟದ ಮದ್ಯ ಗಡಿಯ ತಲಪಾಡಿ ದಾಟಿದರೆ ಇಲ್ಲಿನ ಅಬ್ಕಾರಿ ಕಾಯ್ದೆಯಲ್ಲಿ ಕೇಸು. ಮಂಜೇಶ್ವರದಲ್ಲಿ ಎಕ್ಸೈಸ್ ತಪಾಸಣೆ ಇದೆ.

22ರವರಿಗೆ ಕೇರಳದಲ್ಲಿ ಮದ್ಯ ಕೊಡುವಂತಿಲ್ಲ, ಇಲ್ಲಿ 23 ತುಂಬಬೇಕು. ಮಂಗಳೂರಿನ ಪಬ್ಬುಗಳು 21 ಕೇಳುತ್ತವೆ, ತಮಿಳುನಾಡಿನಲ್ಲೂ 21. ವಯಸ್ಸು ತೋರಿಸುವ ಮೂಲ ಗುರುತಿನ ಚೀಟಿ ಜೇಬಿನಲ್ಲಿರಲಿ. ಕಾಸರಗೋಡಿನಲ್ಲೇ ಕೂರುವುದಾದರೆ ಪ್ರತಿ ತಿಂಗಳ 1ನೇ ತಾರೀಕು ಡ್ರೈ ಡೇ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಹಲ್ಲುನೋವಿಗೆ ಮೆಟ್ರೊನಿಡಜೋಲ್ ಕೊಟ್ಟಿದ್ದಾರೆ. ಕೋರ್ಸ್ ನಿನ್ನೆ ಮುಗಿಯಿತು, ಇವತ್ತು ಪಾರ್ಟಿ. (ಕಾಸರಗೋಡು)

ಉತ್ತರ: ಇವತ್ತು ಲೈಮ್ ಸೋಡಾ. ಆ ಮಾತ್ರೆಯ ಜೊತೆ ಆಲ್ಕೋಹಾಲ್ ಸೇರಿದರೆ ವಾಂತಿ, ಎದೆಬಡಿತ, ಮುಖ ಕೆಂಪೇರುವುದು ಆಗಬಹುದು. ಕೊನೆಯ ಮಾತ್ರೆಯಾದ ಮೇಲೆ ಮೂರು ದಿನ ಬಿಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳದೆ ಟೆರೇಸಿನಲ್ಲಿ ಕೂರಬೇಡಿ, ಖಾಲಿ ಹೊಟ್ಟೆಯಲ್ಲಂತೂ ಖಂಡಿತ ಬೇಡ.