ಕಾಡುಬಳ್ಳಿ, ನಾರಿನಲ್ಲಿ ಬುಟ್ಟಿ ಹೆಣೆಯೋದನ್ನು ಮನೆಯಲ್ಲೇ ಕಲಿಯಬಹುದಾ?

ಕಾರವಾರಕ್ಕೆ ಹೊಸದಾಗಿ ಬಂದಿದ್ದೀರಿ, ಯಾವ ಬಳ್ಳಿಯಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬಳ್ಳಿಯಿಂದ ಶುರು ಮಾಡಲೇಬೇಡಿ. ತೆಂಗಿನ ಮಡ್ಲು, ಅಂದರೆ ಇಡೀ ಸೋಗೆ ತಗೊಳ್ಳಿ. ನಿಮ್ಮ ಊರಲ್ಲಿ ಅದಕ್ಕೇನು ಬರವೇ?

ಹಸಿ ಮಡ್ಲಿನ ದಿಂಡಿನಿಂದ ಗರಿ ಸಮೇತ ತೆಳ್ಳಗೆ ಒಂದು ಪಟ್ಟಿ ಸೀಳಿ, ಬಳೆಯ ಹಾಗೆ ಬಗ್ಗಿಸಿ ಕಟ್ಟಿ. ಗರಿಗಳು ಸುತ್ತಲೂ ಇಳಿಬೀಳುತ್ತವೆ. ಒಂದು ಬಿಟ್ಟು ಒಂದನ್ನು ಎದುರು ದಿಕ್ಕಿಗೆ ತಿರುಗಿಸಿ, ಮೇಲೊಂದು ಕೆಳಗೊಂದು ಹೆಣೆಯುತ್ತಾ ಹೋಗಿ. ಹಾಳಾದರೆ ದನಕ್ಕೆ ಹಾಕಿ, ಇನ್ನೊಂದು ಸೀಳಿ. ಕೈಗೆ ಲೆಕ್ಕ ಹತ್ತೋದು ಇಲ್ಲೇ.

ನಾನು ಶಿರಸಿ ಕಡೆಯವಳು. ಉತ್ಸಾಹದಲ್ಲಿ ಸೀದಾ ಬಳ್ಳಿಗೇ ಕೈ ಹಾಕಿದೆ. ಬೇಲಿಯ ಹಸಿ ಬಳ್ಳಿ ಕಡಿದು ಅವತ್ತೇ ಹೆಣೆದೆ. ಬಿಗಿಯಾಗಿ, ಚಂದ ಬಂತು. ಹದಿನೈದು ದಿನಕ್ಕೆ ಒಣಗಿ ಸಣ್ಣಗಾಗಿ, ಸಂದಿಯಲ್ಲಿ ಬೆರಳು ಹೋಗುವಷ್ಟು ಸಡಿಲವಾಯಿತು. ತೋಟದ ಕೆಲಸಕ್ಕೆ ಬರುತ್ತಿದ್ದ ಅಜ್ಜ ಎತ್ತಿ ನೋಡಿ, "ತಂಗೀ, ಇದು ಬುಟ್ಟಿ ಅಲ್ಲ, ಜರಡಿ" ಅಂದರು.

ಅವರು ಹೇಳಿಕೊಟ್ಟಿದ್ದು ಇಷ್ಟೇ. ಬಳ್ಳಿಯನ್ನು ಸುರುಳಿ ಸುತ್ತಿ ನೆರಳಲ್ಲಿ ಪೂರ್ತಿ ಒಣಗಿಸಬೇಕು. ಹೆಣೆಯುವ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಬೇಕು. ಬೆರಳಿಗೆ ಸುತ್ತಿದರೆ ಸೀಳಬಾರದು, ಆಗ ಹದ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ಹಿಡಿದು ಹುಳ ಕಮ್ಮಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಬೂಷ್ಟು ಬರುತ್ತದೆ. ಅಮೃತಬಳ್ಳಿಯನ್ನಂತೂ ನಂಬಬೇಡಿ. ನಾನು ಒಣಗಲಿ ಅಂತ ನೇತುಹಾಕಿದ್ದು ತಿಂಗಳು ಬಿಟ್ಟು ನೋಡಿದರೆ ಚಿಗುರಿತ್ತು!

ತಳ ಹಾಕುವಾಗ ಒಂದು ಗುಟ್ಟು. 8 ಕಡ್ಡಿ ಅಡ್ಡ ಉದ್ದ ಇಟ್ಟರೆ 16 ತುದಿ ಆಗುತ್ತವೆ. ಒಂದೇ ಎಳೆಯಲ್ಲಿ ಸುತ್ತುವುದಾದರೆ ಅದು ನಡೆಯಲ್ಲ. ಎರಡನೇ ಸುತ್ತಲ್ಲೂ ಎಳೆ ಅದೇ ಕಡ್ಡಿಯ ಮೇಲೇ ಬರುತ್ತದೆ, ಹಿಡಿತ ಸಿಗುವುದಿಲ್ಲ. ಇನ್ನೊಂದು ತುಂಡು ಕಡ್ಡಿ ಸಿಕ್ಕಿಸಿ 17 ಮಾಡಿಕೊಳ್ಳಿ. ಬೆಸ ಸಂಖ್ಯೆ ಇದ್ದರೆ ಪ್ರತಿ ಸುತ್ತಿಗೂ ಮೇಲು ಕೆಳಗು ತಾನಾಗಿ ಬದಲಾಗುತ್ತದೆ. ಇದು ಗೊತ್ತಿಲ್ಲದೆ ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಬೆತ್ತದ ಆಸೆ ಬೇಡ. ಅನುಮತಿ ಇಲ್ಲದೆ ಕಾಡಿನಿಂದ ಕಡಿಯುವಂತಿಲ್ಲ. ಅದರ ಬದಲು ಕಳೆಯಾಗಿ ಹಬ್ಬಿರುವ ಲಂಟಾನ ಕಡಿಯಿರಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕುದಿಸಿ ಸಿಪ್ಪೆ ಸುಲಿದರೆ ಒಳ್ಳೆ ಕಡ್ಡಿ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರಲ್ಲಿ ಕುರ್ಚಿಯನ್ನೇ ಮಾಡುತ್ತಾರೆ. ಬಾಳೆ ನಾರು ಕಟ್ಟಲಿಕ್ಕೆ, ಅಂಚು ಹೊಲಿಯಲಿಕ್ಕೆ ಚಲೋ. ಭಾರ ಹೊರುವ ಬುಟ್ಟಿಗೆ ಸಾಲದು.

ಕಲಿಸುವವರು ಸಿಗದಿದ್ದರೆ ಭಾನುವಾರದ ಸಂತೆಯಲ್ಲಿ ಮೇದಾರರ ಕೈಯ ಒಂದು ಬಿದಿರು ಬುಟ್ಟಿ ಕೊಳ್ಳಿ. ಚೌಕಾಸಿ ಮಾಡಬೇಡಿ, ಅದು ನಿಮ್ಮ ಫೀಸು. ಮನೆಗೆ ತಂದು ಅಂಚಿನಿಂದ ನಿಧಾನಕ್ಕೆ ಬಿಚ್ಚಿ, ಮತ್ತೆ ಹೆಣೆಯಿರಿ. ಬಿಚ್ಚುವಾಗ ಫೋನಲ್ಲಿ ವಿಡಿಯೋ ಮಾಡಿಕೊಳ್ಳಿ. ಅಂಚಿನ ಗಂಟು ಎಲ್ಲಿಂದ ಎಲ್ಲಿಗೆ ಹೋಗಿತ್ತು ಅಂತ ಆಮೇಲೆ ಸುತಾರಾಂ ನೆನಪಾಗುವುದಿಲ್ಲ.